ಐದು, ಏಳರ ನಡುವೆ

ಮೂರು ದಿನದಿಂದ ಹೇಮಾವತಿ ಟೀಚರ್‌ಗೆ ಕಣ್ಣುರಿ. ಬೆಳಿಗ್ಗೆ ಏಳರ ಬಸ್ಸಿಗೆ ಕಮಲಾಪುರ ಬಿಟ್ಟು ಹೊಸಪೇಟೆಗೆ ಬಂದರೆ, ಸಂಜೆ ನಿಂತುಕೊಂಡೇ ವಾಪಸ್ಸು. ನಡುವಿನ ಹೊತ್ತೆಲ್ಲ ಉತ್ತರಪತ್ರಿಕೆ. ಸುತ್ತಲಿನ ಶಾಲೆಗಳ ಒಂಬತ್ತನೇ ತರಗತಿ ಮಕ್ಕಳಿಗೆ ಟ್ರಸ್ಟೊಂದು ವಿದ್ಯಾರ್ಥಿವೇತನದ ಪರೀಕ್ಷೆ ನಡೆಸಿತ್ತು. ಗಣಿತ ತಿದ್ದಲು ಆರು ಜನರನ್ನು ಕರೆಸಿದ್ದರು.

ಹನ್ನೊಂದನೇ ಪ್ರಶ್ನೆಗೆ ಬಂದರೆ ಕೈ ತಾನಾಗಿಯೇ ಓಡುತ್ತಿತ್ತು. ಸಂಖ್ಯಾರೇಖೆಯ ಒಂದು ತುದಿಗೆ ಎರಡರ ಘಾತ ಐದು, ಅಂದರೆ 32; ಇನ್ನೊಂದು ತುದಿಗೆ ಎರಡರ ಘಾತ ಏಳು, ಅಂದರೆ 128. ನಡುವೆ ಸಮ ಅಂತರದಲ್ಲಿ ಮೂರು ಗೆರೆ. ಮಧ್ಯದ ಗೆರೆ ಯಾವ ಸಂಖ್ಯೆ? ಮಾದರಿ ಉತ್ತರದಲ್ಲಿ ಎರಡರ ಘಾತ ಆರು, ಅಂದರೆ 64 ಎಂದಿತ್ತು.

ಒಂದು ಮಗು 80 ಎಂದು ಬರೆದಿತ್ತು. ಹೇಮಾವತಿ ಕೆಂಪು ಗೀಟು ಎಳೆದು ಪುಟ ತಿರುಗಿಸಬೇಕು, ಅಷ್ಟರಲ್ಲಿ ಅಂಚಿನ ಸಣ್ಣ ಲೆಕ್ಕ ಕಣ್ಣಿಗೆ ಬಿತ್ತು. 32ರಿಂದ 128ಕ್ಕೆ ದೂರ 96. ನಾಲ್ಕು ಅಂತರ, ಒಂದೊಂದೂ 24. ಗೆರೆಗಳು 56, 80, 104.

ಪೆನ್ನು ನಿಂತಿತು. ಮಗುವಿನದೇ ಸರಿ. ಐದು, ಏಳು ಎಂಬ ಘಾತಗಳ ನಡುವೆ ಆರು ಇದ್ದರೂ, 32 ಮತ್ತು 128ರ ನಟ್ಟನಡುವೆ ಇರುವುದು 64 ಅಲ್ಲ.

ಮರುಕ್ಷಣವೇ ಇನ್ನೊಂದು ನೆನಪಾಯಿತು. ಪರೀಕ್ಷೆಗೆ ಮುಂಚೆ, ಪಾಠ ಮುಗಿಸುವ ಅವಸರದಲ್ಲಿ, ತನ್ನ ಕ್ಲಾಸಿಗೆ ತಾನೇ ಹೇಳಿದ್ದಳು: "ಐದು, ಏಳರ ನಡುವೆ ಆರು. ಅಷ್ಟ."

ಇನ್ನೂ ನಲವತ್ತು ಪತ್ರಿಕೆ ಉಳಿದಿದ್ದವು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ನಾಲ್ಕರ ಬಸ್ಸೂ ಸಿಗುತ್ತಿತ್ತು. ಆದರೂ ಆ ಪತ್ರಿಕೆ ಹಿಡಿದು ಎದ್ದು, ತಿದ್ದುವವರ ಮುಖ್ಯಸ್ಥ ಶ್ರೀಪತಿಯವರ ಮೇಜಿಗೆ ಹೋದಳು.

"ಕೀ ಆನ್ಸರ್ ಮ್ಯಾಲಿಂದ ಬಂದದ್ದು ಮೇಡಂ. ಅದರ ಪ್ರಕಾರ ಹಾಕ್ರಿ," ಎಂದರು ಅವರು ತಲೆಯೆತ್ತದೆ.

"ತಪ್ಪೈತ್ರಿ ಸರ್."

"ನಡು ಅಂದ್ರ ನಡುನ ಅಲ್ಲೇನ್ರಿ?"

ವಾದಿಸಲು ಹೇಮಾವತಿಗೆ ತ್ರಾಣವಿರಲಿಲ್ಲ. ತಿದ್ದುವ ಕೆಲಸ ನಡೆದಿದ್ದ ಆ ಶಾಲೆಯ ಆಯಾ ದ್ಯಾಮಕ್ಕ ಬಿಡುವಿನಲ್ಲಿ ಜಂಪರ್ ಹೊಲಿಯುತ್ತಿದ್ದಳು. ಹೇಮಾವತಿ ಅವಳ ಅಳತೆ ಟೇಪು ಕೇಳಿ ತಂದಳು. 32ನೇ ಗೆರೆಯನ್ನು 128ರ ಮೇಲೆ ಕೂಡಿಸಿ, ಮಡಿಕೆಯನ್ನು ಬೆರಳಲ್ಲಿ ಒತ್ತಿ ಮುಂದಿಟ್ಟಳು.

ಶ್ರೀಪತಿ ಕನ್ನಡಕ ಮೇಲೇರಿಸಿ ನೋಡಿದರು. ಮಡಿಕೆ 80ರ ಮೇಲಿತ್ತು. ಬಿಡಿಸಿ ತಾವೇ ಇನ್ನೊಮ್ಮೆ ಮಡಚಿದರು. ಮತ್ತೂ 80.

"ಆರ್ನೂರು ಪೇಪರ್ ಮತ್ತ ಬಿಚ್ಚಬೇಕಲ್ರಿ," ಎಂದರು ಸಣ್ಣ ದನಿಯಲ್ಲಿ.

"ಹೌದ್ರಿ. ನಾನೂ ಮಕ್ಕಳಿಗೆ ಹಿಂಗ ತಪ್ಪು ಹೇಳಿಕೊಟ್ಟೀನಿ ಸರ್."

ಅವರು ಟ್ರಸ್ಟಿಗೆ ಫೋನು ಮಾಡಿ ಒಪ್ಪಿಸಿದರು. ಕಟ್ಟಿದ ಬಂಡಲುಗಳನ್ನು ಬಿಚ್ಚುವಾಗ ಯಾರೂ ಹೇಮಾವತಿಯ ಮುಖ ನೋಡಲಿಲ್ಲ. ಕಂಪ್ಲಿಯಿಂದ ಬಂದಿದ್ದ ಲಿಂಗರಾಜ್ ಮೇಷ್ಟ್ರು ಮಾತ್ರ, "ನಾಳೆ ಮಗಳ ಊರಿಗೆ ಹೊಂಟಿದ್ದೆ, ಮೇಡಂ," ಎಂದು ಗೊಣಗಿದರು. ಎರಡು ದಿನ ಹೆಚ್ಚು ಹಿಡಿಯಿತು. 80 ಬರೆದವರು ಹದಿನೇಳು ಮಂದಿ. 64 ಬರೆದವರ ಎರಡೆರಡು ಅಂಕ ಹೋದವು.

ಫಲಿತಾಂಶ ಬಂದ ದಿನ, ಕಮಲಾಪುರದ ಶಾಲೆಯಲ್ಲಿ ಹೇಮಾವತಿಯದೇ ತರಗತಿಯ ಜಾಣೆ ಸೌಜನ್ಯ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಒಂದೇ ಅಂಕದಿಂದ ವಿದ್ಯಾರ್ಥಿವೇತನ ತಪ್ಪಿತ್ತು.

"ನೀವು ಹೇಳಿದಂಗ ಬರ್ದಿದ್ದೆ, ಮಿಸ್."

"ಹೌದವ್ವ. ನಾನು ಹೇಳಿದ್ದ ತಪ್ಪು." ಹುಡುಗಿ ಅಳಬಹುದು, ಬೈಯಬಹುದು ಎಂದು ಹೇಮಾವತಿ ಕಾದಳು.

ಸೌಜನ್ಯ ಒಳಗೆ ಬಂದು, "80 ಹೆಂಗ ಬರ್ತದ, ತೋರಿಸ್ರಿ," ಎಂದಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

ಹೇಮಾವತಿ ಪಕ್ಕದ ಕುರ್ಚಿ ಎಳೆದು, ಹಾಳೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು.