ಹನ್ನೊಂದು ಬಾಗಿಲು ಕೊಟ್ಟ ನಿಮಿಷಗಳು

“ತಿರುವಿನ ಮಾತು ನಿನ್ನ ಬಾಯಿಂದ ಬಂತೋ, ಆ ಬಾಯಿಗೆ ಇನ್ನು ನನ್ನ ಹೋಟೆಲಲ್ಲಿ ಒಂದು ಗುಟುಕು ಕಾಫೀನೂ ಇಲ್ಲ. ಕಿವಿ ಕೇಳಿಸ್ತಾ?”

ಥೆಲ್ಮಾ ಹೂಡಾಕ್ ಹಿಟ್ಟಿನ ಮುದ್ದೆಯನ್ನು ಹಲಗೆಗೆ ಕುಕ್ಕಿದಳು. ಪುಡಿ ಎದ್ದು ಎದುರಿಗೆ ಕೂತಿದ್ದ ತಮ್ಮನ ಕನ್ನಡಕದ ಮೇಲೆ ಬಿತ್ತು. ಎಮಿಲ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಬೈಸಿಕೊಳ್ಳುವಾಗಲೆಲ್ಲ ಅವನು ಮಾಡುತ್ತಿದ್ದ ಕೆಲಸ ಅದೊಂದೇ.

“ನಾನಾಗಿ ಎತ್ತಲ್ಲ ಅಂದ್ನಲ್ಲ. ಅವರಾಗೇ ಕೇಳಿದ್ರೆ?”

“ಯಾರು ಕೇಳ್ತಾರೆ? ಆ ಶಿಕಾಗೋದ ಟೈಯವನಾ? ಅವನ ಮುನ್ನೂರು ಪುಟದ ವರದೀನ ಎರಡು ಸಲ ಓದಿದೀನಿ ನಾನು. ಗಿಡಮರದ ಚಿತ್ರ ಇದೆ, ಸೈಕಲ್ ತುಳಿಯೋ ಹುಡುಗೀರ ಚಿತ್ರ ಇದೆ. ತಿರುವಿನ ಸುದ್ದಿ ಒಂದು ಸಾಲೂ ಇಲ್ಲ. ಸ್ಥಳಕ್ಕೆ ಬಂದು ಟೇಪು ಹಿಡಿದಿದ್ರೆ ತಾನೇ ಗೊತ್ತಾಗೋದು!”

“ಇವತ್ತಲ್ಲದಿದ್ರೆ ನಾಳೆ ಅಳೀತಾರೆ ಥೆಲ್ಮಾ. ಆಗ ಗೊತ್ತಾಗುತ್ತೆ.”

“ನಾಳೆ ಗೊತ್ತಾಗ್ಲಿ! ಇವತ್ತು ಜಾಗಕ್ಕೆ ಓಟು. ಇವತ್ತು ನಮ್ಮ ಬೀದಿ ಬಿಟ್ರೆ ಸಾಕು. ಅವರು ಅಳೆದು ಮುಗಿಸೋದ್ರೊಳಗೆ ಚುನಾವಣೆ ಬರುತ್ತೆ, ಹೊಸ ಗವರ್ನರ್ ಬರ್ತಾನೆ, ಕೇಂದ್ರ ಸರ್ಕಾರ ಕೊಟ್ಟ ರೈಲಿನ ದುಡ್ಡು ಬೇಡ ಅಂತ ವಾಪಸ್ ಕಳಿಸ್ತಾನೆ. ಹಿಂದೆ ಆಗಿಲ್ವಾ?”

“ಹಂಗಾದ್ರೆ ಸುಳ್ಳು ಹೇಳು ಅಂತೀಯಾ?”

“ಸುಳ್ಳು ಹೇಳು ಅಂದ್ನಾ ನಾನು? ಬಾಯಿ ಮುಚ್ಕೊಂಡಿರು ಅಂದೆ. ಹೆಂಡ್ತಿ ಜೊತೆ ಇಪ್ಪತ್ತೆರಡು ವರ್ಷ ಮುಚ್ಕೊಂಡಿರ್ಲಿಲ್ವಾ? ಅದೇ ಥರ.”

ಕಿಟಕಿಯ ಪಕ್ಕ ಕೂತಿದ್ದ ಕ್ಷೌರಿಕ ವೆಂಡೆಲ್ ಟೂಮಿಗೆ ನಗು ಬಂದು ಕಾಫಿ ನೆತ್ತಿಗೇರಿತು. “ಬಿಡಮ್ಮ ಥೆಲ್ಮಾ,” ಎಂದ ಕೆಮ್ಮುತ್ತಲೇ. “ಆ ಹೆಂಡ್ತಿ ಬಿಟ್ಟೋಗಿದ್ದೂ ಅದಕ್ಕೇ.”

ವೆಲ್ಲರ್ ಊರಿಗೆ ಪ್ಯಾಸೆಂಜರ್ ರೈಲು ಬರುವುದು ನಿಂತು ಐವತ್ತು ವರ್ಷ ದಾಟಿತ್ತು. ನಿಂತ ದಿನ ಥೆಲ್ಮಾಳ ಅಪ್ಪ, ಆ ರೈಲಿನ ಕಂಡಕ್ಟರ್, ತನ್ನ ಟೋಪಿಯನ್ನು ತಂದು ಈ ಹೋಟೆಲಿನ ಗೋಡೆಯ ಮೊಳೆಗೆ ಸಿಕ್ಕಿಸಿದವನು ಸಾಯುವವರೆಗೆ ಅದನ್ನು ಮುಟ್ಟಲಿಲ್ಲ. ಈಗ ಒಹಾಯೊ ರಾಜ್ಯದವರು ರೈಲನ್ನು ವಾಪಸ್ ತರುತ್ತೇವೆ ಎನ್ನುತ್ತಿದ್ದರು. ತರಲಿ, ಬೇಡವೆಂದವರು ಯಾರು? ಆದರೆ ರೈಲಿಗಿಂತ ಮೊದಲು ಬಿಲ್ಡರುಗಳು ಬಂದಿದ್ದರು. ಅವರ ಯೋಜನೆ ಇದು: ಬಾಗಿಲಿಗೆ ಹಲಗೆ ಹೊಡೆದಿದ್ದ ಹಳೆಯ ಸ್ಟೇಷನ್ನಿಗೆ ಹೊಸ ಬಣ್ಣ. ಅದಕ್ಕೆ ಅಂಟಿಕೊಂಡಿದ್ದ ಡಿಪೊ ಸ್ಟ್ರೀಟಿನ ಹನ್ನೊಂದು ಬಾಗಿಲು ನೆಲಸಮ. ಅಲ್ಲಿ ಉದ್ದನೆಯ ಪ್ಲಾಟ್‌ಫಾರ್ಮು, ಕಾರು ನಿಲ್ಲಿಸುವ ಕಟ್ಟಡ, ಆರು ಮಹಡಿಯ ಫ್ಲ್ಯಾಟುಗಳು. ಹನ್ನೊಂದರಲ್ಲಿ ಒಂದು ಬಾಗಿಲು ಹೂಡಾಕ್ ಹೋಟೆಲ್. ಥೆಲ್ಮಾ ಅದರ ಮೇಲಿನ ಮಹಡಿಯಲ್ಲಿ ಹುಟ್ಟಿದವಳು, ಈಗಲೂ ಅಲ್ಲೇ ಮಲಗುವವಳು. ಇನ್ನೊಂದು ಬಾಗಿಲು ವೆಂಡೆಲ್‌ನ ಕ್ಷೌರದಂಗಡಿ.

ಬೀದಿಯವರೂ ಸುಮ್ಮನೆ ಬೇಡ ಬೇಡ ಎಂದು ಬಾಯಿ ಬಡಿದುಕೊಂಡಿರಲಿಲ್ಲ. ಊರಿನ ದಕ್ಷಿಣಕ್ಕೆ ಹಳಿಯ ಪಕ್ಕದಲ್ಲೇ ದೊಡ್ಡ ಬಯಲಿತ್ತು. ಎಪ್ಪತ್ತರ ದಶಕದಲ್ಲಿ ಊರಿನ ಉದ್ಧಾರ ಮಾಡುತ್ತೇವೆಂದು ಅಲ್ಲಿದ್ದ ನಲವತ್ತು ಮನೆ ಕೆಡವಿ ಮಾಲ್ ಕಟ್ಟಿದರು. ಆ ಮಾಲ್ ಮುಚ್ಚಿಹೋಯಿತು, ಅದನ್ನೂ ಕೆಡವಿದರು. ಈಗ ಅಲ್ಲಿ ಹುಲ್ಲು, ಹುಲ್ಲಿನ ಮೇಲೆ ಕಾಡುಬಾತುಗಳ ಹಿಕ್ಕೆ. ವೆಂಡೆಲ್ ಹುಟ್ಟಿದ ಮನೆ ಆ ನಲವತ್ತರಲ್ಲಿ ಒಂದು. ಸ್ಟೇಷನ್ ಅಲ್ಲಿ ಕಟ್ಟಿ, ನಮ್ಮನ್ನು ಬಿಡಿ ಎಂದು ಬೀದಿಯವರು ಹೇಳುತ್ತಿದ್ದರು. ನಗರಸಭೆಯ ಏಳು ಜನರಲ್ಲಿ ನಾಲ್ವರು ಆ ಮಾತಿಗೆ ತಲೆದೂಗಿದ್ದರು ಕೂಡ.

ತೊಡಕು ಒಂದೇ. ಆ ಬಯಲಿನ ಪಕ್ಕದಲ್ಲಿ ಹಳಿ ಬಾಗುತ್ತದೆ. ಬಾಗಿದ ಹಳಿಗೆ ಪ್ಲಾಟ್‌ಫಾರ್ಮು ಕಟ್ಟಿದರೆ ರೈಲಿನ ಡಬ್ಬಿಗೂ ಅದಕ್ಕೂ ನಡುವೆ ಸಂದು ಬೀಳುತ್ತದೆ. ಆ ಬೀದಿಯಲ್ಲಿ ಇದನ್ನು ತಿಳಿದವನು ಎಮಿಲ್ ಒಬ್ಬನೇ. ನಲವತ್ತೊಂದು ವರ್ಷ ಆ ಹಳಿಯ ಮೇಲೆ ಗೂಡ್ಸ್ ಎಂಜಿನ್ ಓಡಿಸಿ ನಿವೃತ್ತನಾದವನು. ತಿಳಿದದ್ದನ್ನು ಅಕ್ಕನಿಗೆ, ವೆಂಡೆಲ್‌ಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಆದರೂ ಬೀದಿಯವರ ಪರವಾಗಿ ಮಾತಾಡಲು ಅವನಿಗಿಂತ ಯೋಗ್ಯ ಬೇರೆ ಯಾರೂ ಇರಲಿಲ್ಲ. ಹಿಂದಿನ ಸಭೆಯಲ್ಲಿ ಥೆಲ್ಮಾ ಮೈಕಿನ ಮುಂದೆ ನಿಂತು, ಈ ವರದಿ ಕಕ್ಕಸಿನಲ್ಲಿಡಲಿಕ್ಕೂ ಆಗದು, ಕಾಗದ ತೀರ ನುಣುಪು ಎಂದು ಕೂಗಿ, ಪೊಲೀಸಿನವನ ಕೈಯಲ್ಲಿ ಹೊರಗೆ ಕಳಿಸಿಕೊಂಡಿದ್ದಳು. ವೆಂಡೆಲ್ ನಲವತ್ತು ಮನೆಯ ಕತೆ ಹೇಳುತ್ತ ಅತ್ತುಬಿಟ್ಟಿದ್ದ. ಸದಸ್ಯರು ಕರವಸ್ತ್ರ ಕೊಟ್ಟಿದ್ದರು, ತಲೆದೂಗಿದವರೂ ಅಷ್ಟಕ್ಕೇ ಓಟು ಕೊಡುವ ಹಾಗೆ ಕಾಣಲಿಲ್ಲ. ರೈಲಿನವನು ರೈಲಿನ ಬಗ್ಗೆ ಮಾತಾಡಿದರೆ ಮಾತ್ರ ಕೇಳುತ್ತಾರೆಂದು ಥೆಲ್ಮಾಳಿಗೆ ಖಾತ್ರಿಯಾಗಿತ್ತು.

ಸಭೆಯ ನಿಯಮ ಹೀಗಿತ್ತು: ಒಬ್ಬೊಬ್ಬರಿಗೆ ಮೂರು ನಿಮಿಷ. ಬೇಕಾದವರು ತಮ್ಮ ಚೀಟಿಯಲ್ಲಿ ಬೇರೆಯವರ ಹೆಸರು ಬರೆದು ಆ ಮೂರು ನಿಮಿಷವನ್ನು ಅವರಿಗೆ ಕೊಡಬಹುದು. ಕೊಟ್ಟವರು ಸಭೆಯಲ್ಲಿ ಕೂತಿರಬೇಕು, ತಾವು ಮಾತ್ರ ಬಾಯಿ ತೆರೆಯುವಂತಿಲ್ಲ. ಥೆಲ್ಮಾ ಮನೆಮನೆ ಹತ್ತಿಳಿದು ಹನ್ನೊಂದು ಬಾಗಿಲಿನ ಹನ್ನೊಂದು ಚೀಟಿ ಬರೆಸಿದಳು. ಎಮಿಲ್‌ನ ಸ್ವಂತ ಮೂರು ಸೇರಿ ಮೂವತ್ತಾರು ನಿಮಿಷ. ಆ ನಗರಸಭೆಯಲ್ಲಿ ಅಷ್ಟು ಹೊತ್ತು ಯಾರೂ ಮಾತಾಡಿದ್ದಿಲ್ಲ.

ಹೊರಡುವಾಗ ಅಪ್ಪನ ಟೋಪಿಯನ್ನು ಮೊಳೆಯಿಂದ ತೆಗೆದು ತಮ್ಮನ ಕೈಗೆ ಕೊಟ್ಟಳು. “ಹಾಕ್ಕೋಬೇಡ. ಮೈಕಿನ ಪಕ್ಕ ಇಟ್ಕೋ. ಕಾಣಿಸ್ಲಿ.”

ಸಂಜೆ ಆರಕ್ಕೆ ಸಭೆ. ಎಮಿಲ್ ಎದ್ದು ನಿಂತಾಗ ಮೈಕಿನ ಮುಂದಿನ ಹಸಿರು ದೀಪ ಹತ್ತಿತು. ಮೊದಲ ಎರಡು ನಿಮಿಷ ತಡವರಿಸಿದ. ಆಮೇಲೆ ಹಳಿಯ ಮಾತು ಬಂದದ್ದೇ ತಡ, ಮನುಷ್ಯನ ಬೆನ್ನು ನೆಟ್ಟಗಾಯಿತು. ಹಳಿ ಗೂಡ್ಸ್ ಕಂಪನಿಯದು, ಅವರ ಗಾಡಿ ದಾಟುವವರೆಗೆ ನಿಮ್ಮ ಪ್ಯಾಸೆಂಜರ್ ಕಾಯಬೇಕು, ಇದನ್ನೆಲ್ಲ ಯೋಚಿಸಿದ್ದೀರಾ ಎಂದು ಕೇಳಿದ. ರೈಲು ದಿನಕ್ಕೆ ಎರಡು ಸಲ ಬರುತ್ತದೆ, ಅದಕ್ಕೋಸ್ಕರ ದಿನಪೂರ್ತಿ ಬದುಕುವ ಬೀದಿಯನ್ನು ಕೊಲ್ಲುತ್ತೀರಲ್ಲ ಎಂದ. ಬಾತುಗಳಿಗೆ ಅಷ್ಟು ದೊಡ್ಡ ಬಯಲು ಬಿಟ್ಟಿದ್ದೀರಿ, ಅವು ತೆರಿಗೆ ಕಟ್ಟುತ್ತಿವೆಯೋ ಎಂದಾಗ ಸದಸ್ಯರೂ ನಕ್ಕರು. ಥೆಲ್ಮಾ ವೆಂಡೆಲ್‌ನ ಮಂಡಿ ಹಿಡಿದುಕೊಂಡು ಕೂತಿದ್ದಳು. ಗೆದ್ದೆವು ಎಂದುಕೊಂಡಳು. ಅಧ್ಯಕ್ಷೆ ಮರ್ಲೀನ್ ಓಡಮ್ ಕೂಡ ಪೆನ್ನಿನಿಂದ ಏನೋ ಗುರುತು ಹಾಕಿಕೊಳ್ಳುತ್ತಿದ್ದಳು.

ಇಪ್ಪತ್ತಮೂರನೇ ನಿಮಿಷಕ್ಕೆ ಎಮಿಲ್ ಮಾತು ಮುಗಿಸಿ ಟೋಪಿ ಎತ್ತಿಕೊಂಡ.

“ಒಂದು ನಿಮಿಷ, ಹೂಡಾಕ್ ಅವರೇ,” ಎಂದ ಶಿಕಾಗೋದ ಹಾಲ್ವರ್ಸನ್. ವರದಿ ಬರೆದ ಕಂಪನಿಯವನು, ಮೂವತ್ತೈದು ವಯಸ್ಸಿರಬಹುದು. “ನಮ್ಮ ಹತ್ತಿರ ಇರೋದು ಆಕಾಶದಿಂದ ತೆಗೆದ ಚಿತ್ರ ಮಾತ್ರ. ನೀವು ಓಡಿಸಿದವರು. ಆ ಬಯಲಿನ ಹತ್ತಿರ ಹಳಿ ಸ್ವಲ್ಪ ಬಾಗಿದೆ ಅನ್ಸುತ್ತೆ. ತಿರುವು ಎಷ್ಟಿರಬಹುದು?”

ನೆನಪಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅರವತ್ತೆರಡರ ಮುದುಕ, ನೆನಪಿಲ್ಲವೆಂದರೆ ಯಾರು ಅನುಮಾನಪಡುತ್ತಿದ್ದರು? ಎಮಿಲ್ ಕನ್ನಡಕ ತೆಗೆದ. ಒರೆಸಿದ. ಥೆಲ್ಮಾಳ ಉಗುರು ವೆಂಡೆಲ್‌ನ ಮಂಡಿಗೆ ಇಳಿಯಿತು.

“ನಾಲ್ಕು ಡಿಗ್ರಿ,” ಎಂದ ಎಮಿಲ್. “ನಾಲ್ಕೂಕಾಲು.”

“ಅಲ್ಲಿ ಪ್ಲಾಟ್‌ಫಾರ್ಮು...?”

“ಆಗಲ್ಲ. ಗಾಲಿಕುರ್ಚಿಯವರು ಹತ್ತೋಕಾಗಲ್ಲ. ಮಗೂ ಕಾಲು ಸಂದಿಗೆ ಹೋಗುತ್ತೆ.”

ಹಾಲ್ವರ್ಸನ್ ನಿಜವಾದ ಗೌರವದಿಂದಲೇ ಮುಂದಕ್ಕೆ ಬಾಗಿದ. “ಹಾಗಾದ್ರೆ ನೀವು ಎಲ್ಲಿ ಕಟ್ತಿದ್ರಿ, ಸರ್?”

ಎಮಿಲ್ ಹೂಡಾಕ್‌ನನ್ನು ನಲವತ್ತೊಂದು ವರ್ಷದಲ್ಲಿ ಯಾರೂ ಸರ್ ಎಂದಿರಲಿಲ್ಲ. ಯಾರೂ ಏನನ್ನೂ ಕೇಳಿರಲಿಲ್ಲ. ಗಾಡಿ ತಡವಾದರೆ ಯಾಕೆ ತಡ ಎಂದು ಕೇಳಿದ್ದರು, ಅಷ್ಟೇ. ಅವನು ಗೋಡೆಯ ಮೇಲಿನ ನಕ್ಷೆಯ ಹತ್ತಿರ ನಡೆದ. ಅಲ್ಲಿಂದಲೇ ತಿರುಗಿ ಕೈ ಚಾಚಿದ.

“ಒಂದು ಪೆನ್ನು ಕೊಡ್ತೀರಾ?”

ಕೊಟ್ಟರು. ಕೆಂಪು ಪೆನ್ನು. ಸ್ಟೇಷನ್ನಿನಿಂದ ಉತ್ತರಕ್ಕೆ ಒಂಬೈನೂರು ಅಡಿ ಹಳಿ ನೆಟ್ಟಗಿದೆ, ಊರಿನಲ್ಲಿ ಅಷ್ಟು ನೆಟ್ಟಗಿರುವುದು ಅದೊಂದೇ ಕಡೆ ಎಂದು ವಿವರಿಸಿದ. ಗೂಡ್ಸಿಗೆ ಅಡ್ಡಿಯಾಗದಂತೆ ಪ್ಯಾಸೆಂಜರ್ ನಿಲ್ಲಲು ಪಕ್ಕದಲ್ಲಿ ಇನ್ನೊಂದು ಹಳಿ ಬೇಕು, ನಿಮ್ಮ ವರದಿಯಲ್ಲಿ ಅದಿಲ್ಲ, ಅದಿಲ್ಲದಿದ್ದರೆ ಯೋಜನೆಯೇ ಇಲ್ಲ ಎಂದ. ಆ ಹಳಿಯನ್ನು ತಾನೇ ಎಳೆದು ತೋರಿಸಿದ. ಕೆಂಪು ಗೆರೆ ವೆಂಡೆಲ್‌ನ ಅಂಗಡಿಯನ್ನು ಸೀಳಿಕೊಂಡು ಹೂಡಾಕ್ ಹೋಟೆಲಿನ ಅಡುಗೆಮನೆಯ ಮೇಲೆ ಹಾದುಹೋಯಿತು.

ಥೆಲ್ಮಾ ಎದ್ದು ನಿಂತಳು. “ಏ ಮನೆಹಾಳ! ಅಲ್ಲಿ ನಮ್ಮಮ್ಮ ಸತ್ತಿದ್ದು ಕಣೋ!”

ಅಧ್ಯಕ್ಷೆ ಮರದ ಸುತ್ತಿಗೆ ಬಡಿದಳು. “ಮಿಸ್ ಹೂಡಾಕ್, ಕೂತ್ಕೊಳ್ಳಿ. ನಿಮ್ಮ ಸಮಯ ನೀವು ಕೊಟ್ಟಾಗಿದೆ.”

“ಇದಕ್ಕೆ ಕೊಟ್ಟಿದ್ದಲ್ಲ!”

“ಯಾತಕ್ಕೆ ಅಂತ ಚೀಟೀಲಿ ಬರೆಯಲ್ಲಮ್ಮ. ಯಾರಿಗೆ ಅಂತ ಮಾತ್ರ ಬರೀತಾರೆ. ಅವರಿಗಿನ್ನೂ ಏಳು ನಿಮಿಷ ಇದೆ.”

ಪೊಲೀಸಿನವನು ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದ. ಥೆಲ್ಮಾ ಕೂತಳು. ಹನ್ನೊಂದು ಬಾಗಿಲಿನ ಹನ್ನೊಂದು ಜನ ತಾವೇ ಕೊಟ್ಟ ಏಳು ನಿಮಿಷವನ್ನು ಬಾಯಿ ಕಟ್ಟಿಕೊಂಡು ಕೇಳಿದರು. ಎಮಿಲ್ ಎಲ್ಲವನ್ನೂ ಬಳಸಿದ. ಕೆಂಪು ದೀಪ ಹತ್ತಿದಾಗ ಅವನ ಮಾತಿನ್ನೂ ಮುಗಿದಿರಲಿಲ್ಲ.

ಬೀದಿಯ ವಿರುದ್ಧ ಆರು ಓಟು ಬಿತ್ತು, ಪರವಾಗಿ ಒಂದು. ಬಾತುಗಳ ಬಯಲನ್ನು ಬಾತುಗಳಿಗೇ ಬಿಟ್ಟರು. ಡಿಪೊ ಸ್ಟ್ರೀಟು ಹೋಯಿತು.

ಮರುದಿನ ಬೆಳಿಗ್ಗೆ ಆರೂವರೆಗೆ, ದಿನದ ಹಾಗೆ, ಎಮಿಲ್ ಬಂದ. ದಿನದ ಗಿರಾಕಿಗಳ ಕಪ್ಪುಗಳು ಹೋಟೆಲಿನ ಗೋಡೆಯಲ್ಲಿ ಸಾಲಾಗಿ ತೂಗುತ್ತಿದ್ದವು. ತನ್ನ ಕಪ್ಪನ್ನು ಕೊಕ್ಕೆಯಿಂದ ತೆಗೆದುಕೊಂಡು ಎಂದಿನ ಸ್ಟೂಲಿನ ಮೇಲೆ ಕೂತ. ವೆಂಡೆಲ್ ಕಿಟಕಿಯ ಕಡೆ ಮುಖ ತಿರುಗಿಸಿದ. ಥೆಲ್ಮಾ ಕಾಫಿಯ ಜಗ್ಗು ಹಿಡಿದುಕೊಂಡು ನಿಂತೇ ಇದ್ದಳು.

“ನಂಬರ್ ಕೇಳಿದ,” ಎಂದ ಎಮಿಲ್. “ಇರೋ ನಂಬರ್ ಹೇಳಿದೆ. ನಾಳೆ ಯಾರದೋ ಮಗು ಕಾಲು ಹೋದ್ರೆ ಹೊಣೆ ಯಾರು?”

“ನಂಬರ್ ಹೇಳಿದ್ದು ಹಾಳಾಗಿ ಹೋಗ್ಲಿ. ಆ ಮಗೂನ ಮುಂದಿಟ್ಟು ಒಂದಲ್ಲ ಒಂದು ದಿನ ನಿನ್ನ ಕ್ಷಮಿಸ್ತಿದ್ದೆನೋ ಏನೋ. ಪೆನ್ನು ಯಾಕೆ ಕೇಳಿದೆ?”

ಎಮಿಲ್‌ನ ಕೈ ಕನ್ನಡಕಕ್ಕೆ ಹೋಯಿತು.

“ಕೈ ಕೆಳಗಿಳಿಸು. ನನ್ನ ಮುಖ ನೋಡು. ಅವನು ಪೆನ್ನು ತಗೋ ಅಂದ್ನಾ? ನೀನೇ ಕೈ ಚಾಚಿ ಇಸ್ಕೊಂಡೆ. ಇನ್ನೊಂದು ಹಳಿ ಬೇಕು ಅಂತ ಯಾರು ಕೇಳಿದ್ರು ನಿನ್ನ? ಬಿಲ್ಡರುಗಳಿಗೇ ಹೊಳೆದಿರ್ಲಿಲ್ಲ ಅದು!”

“ಹಳಿ ಇಲ್ದೇ ಆ ರೈಲು ಓಡಲ್ಲ, ಥೆಲ್ಮಾ. ಓಡಿದ್ರೆ ಸರಿಯಾಗಿ ಓಡ್ಲಿ ಅಂತ...”

“ಖುಷಿಯಾಗಿದ್ದೆ ನೀನು.” ಅವಳ ದನಿ ಇಳಿಯಿತು. ಅದು ಇಳಿದದ್ದನ್ನು ವೆಂಡೆಲ್ ಅವತ್ತೇ ಮೊದಲು ಕೇಳಿದ್ದು. “ನೋಡ್ತಾ ಇದ್ದೆ ನಾನು. ನನ್ನ ಒಲೆ ಮೇಲೆ ಗೆರೆ ಎಳೀತಾ ನಿನ್ನ ಮುಖದಲ್ಲಿ ಬೆಳಕು ಬಂದಿತ್ತು. ಮದುವೆ ದಿನಾನೂ ನಿನ್ನ ಮುಖ ಹಂಗಿರ್ಲಿಲ್ಲ. ಇಲ್ಲ ಅನ್ನು, ಕಾಫಿ ಹಾಕ್ತೀನಿ.”

ಎಮಿಲ್ ಬಾಯಿ ತೆರೆದ. ಸುಳ್ಳು ಹೇಳಲು ಅವನಿಗೆ ಇಂದೂ ಬರಲಿಲ್ಲ.

ಅವಳು ಜಗ್ಗನ್ನು ಒಲೆಯ ಮೇಲಿಟ್ಟು ಬೆನ್ನು ತಿರುಗಿಸಿದಳು.

ಅವನು ಸ್ಟೂಲಿನಿಂದ ಇಳಿದ. ಅಪ್ಪನ ಟೋಪಿಯನ್ನು ಕೋಟಿನೊಳಗಿಂದ ತೆಗೆದು, ಅದರ ಮೊಳೆಗೇ ಸಿಕ್ಕಿಸಿ, ಒಂದಿಷ್ಟು ಸರಿಮಾಡಿದ. ಕಾಫಿ ಕಾಣದ ಕಪ್ಪನ್ನು ಕೊಕ್ಕೆಗೆ ಹಾಕಿದ. ಬಾಗಿಲಿನ ಗಂಟೆ ಒಮ್ಮೆ ಟಿಣ್ ಎಂದಿತು. ಕಿಟಕಿಯ ಪಕ್ಕ ಕೂತಿದ್ದ ವೆಂಡೆಲ್, ಅವನು ಸೇತುವೆಯಾಚೆಯ ತನ್ನ ಮನೆಯ ಕಡೆ ನಡೆದು ಹೋಗುವುದನ್ನು ಕಾಣುವಷ್ಟು ದೂರ ನೋಡಿದ. ಕರೆಯಲಿಲ್ಲ.

ಮೊದಲ ಬುಲ್ಡೋಜರು ಬಂದದ್ದು ಹದಿನಾಲ್ಕು ತಿಂಗಳ ನಂತರ. ರೈಲಿನ ವಿಷಯ ರಾಜಧಾನಿಯಲ್ಲಿ ಇನ್ನೂ ಚರ್ಚೆಯಾಗುತ್ತಿತ್ತು. ಆ ಹದಿನಾಲ್ಕು ತಿಂಗಳೂ ಹೂಡಾಕ್ ಹೋಟೆಲ್ ಬೆಳಿಗ್ಗೆ ಆರಕ್ಕೆ ತೆರೆಯಿತು, ಶುಕ್ರವಾರಗಳಲ್ಲಿ ಮೀನು ಕರಿಯಿತು. ಆರೂವರೆಯ ಹೊತ್ತಿಗೆ ಬಾಗಿಲಿನ ಗಂಟೆ ಸದ್ದಾದಾಗಲೆಲ್ಲ ಥೆಲ್ಮಾ ತಿರುಗಿ ನೋಡದೆ, “ಯಾರು?” ಎನ್ನುತ್ತಿದ್ದಳು. ಯಾರಾದರೂ ತಮ್ಮ ಹೆಸರು ಹೇಳುತ್ತಿದ್ದರು. ಆ ಹೆಸರು ಒಂದು ಸಲವೂ ಎಮಿಲ್‌ನದಾಗಿರಲಿಲ್ಲ.