ಮೂರು ಬೆರಳಿನ ಹೆಜ್ಜೆ ಮತ್ತು ನಾನೆಂಬ ಕನ್ನಡಿ

ನಾನು ಹುಟ್ಟಿದ್ದು ಮರಳಿನಿಂದ. ಕುಲುಮೆಯಲ್ಲಿ ಕರಗಿ ಗಾಜಾದೆ, ಬೆನ್ನಿಗೆ ಬೆಳ್ಳಿಬಣ್ಣ ಬಳಿಸಿಕೊಂಡು ಕನ್ನಡಿಯಾದೆ. ಸಾಗವಾನಿಯ ಚೌಕಟ್ಟು ಹಾಕಿಸಿ ನನ್ನನ್ನು ಕೊಂಡವರು ಗದಗಿನ ಹಡಪದ ಚೆನ್ನಬಸಪ್ಪ. ರೈಲು ನಿಲ್ದಾಣದ ಎದುರಿನ ಅವರ ಕ್ಷೌರದಂಗಡಿಯಲ್ಲಿ ಎಷ್ಟು ಮುಖಗಳನ್ನು ಕಂಡೆನೋ! ಮದುಮಗನ ಮುಖ, ಪರೀಕ್ಷೆಗೆ ಹೊರಟವನ ಮುಖ, ಹೆಂಡತಿಯೊಡನೆ ಜಗಳವಾಡಿ ಬಂದವನ ಮುಖ. ಯಾರಿಗೂ ಸುಳ್ಳು ಹೇಳಲಿಲ್ಲ.

ಚೆನ್ನಬಸಪ್ಪನ ಮಗಳು ನೀಲಾಂಬಿಕೆ, ಎಲ್ಲರ ಬಾಯಲ್ಲಿ ನೀಲಾ, ಆ ಅಂಗಡಿಯ ಬೆಂಚಿನ ಮೇಲೆ ಓದುತ್ತಲೇ ಬೆಳೆದಳು. ಧಾರವಾಡದಲ್ಲಿ ಭೂವಿಜ್ಞಾನ ಕಲಿತಳು. ರಾಜಸ್ಥಾನದ ಮರುಭೂಮಿಯಲ್ಲಿ, ಖಾರಿಯಾಸರ್ ಎಂಬ ಹಳ್ಳಿಯ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಹೊರಡುವ ದಿನ ತಂದೆ ನನ್ನನ್ನು ಮೊಳೆಯಿಂದ ಇಳಿಸಿ ಅವಳ ಕೌದಿಯಲ್ಲಿ ಸುತ್ತಿದರು.

"ಅಪ್ಪಾ, ಅಲ್ಲಿ ಕನ್ನಡಿ ಸಿಗೂದಿಲ್ಲೇನು?"

"ಸಿಗತಾವ. ನಿನ್ನ ಮಾರಿ ಸಣ್ಣಕಿದ್ದಾಗಿಂದ ನೋಡಿದ್ದು ಸಿಗೂದಿಲ್ಲ."

ಹೀಗೆ ನಾನು ಮರಳುನಾಡಿಗೆ ಬಂದೆ. ಸಂಗ್ರಹಾಲಯವೆಂದರೆ ಎರಡೇ ಕೋಣೆ. ಕಲ್ಲಾದ ಮರದ ತುಂಡು, ಕಲ್ಲಾದ ಎಲುಬು, ಶಂಖಗಳು. ನಿಜವಾದ ಸಂಪತ್ತು ಇದ್ದದ್ದು ಹೊರಗೆ. ಕಾಲುದಾರಿ ಹಿಡಿದು ನಡೆದರೆ ಒಂದು ಹಳದಿ ಹಾಸುಬಂಡೆ. ಕೋಟ್ಯಂತರ ವರ್ಷಗಳ ಹಿಂದೆ ಅದು ಕಡಲಂಚಿನ ಕೆಸರು. ಅದರ ಮೇಲೆ ಒಂದು ಡೈನೋಸಾರ್ ನಡೆದು ಹೋಗಿತ್ತು. ಕೆಸರು ಕಲ್ಲಾಯಿತು, ಹೆಜ್ಜೆ ಉಳಿಯಿತು.

ಆದರೆ ಆ ಹೆಜ್ಜೆಗಳು ಬಲು ಸಂಕೋಚದವು. ಮುಂಜಾನೆ, ಸಂಜೆ ಓರೆಬಿಸಿಲು ಬಿದ್ದಾಗ ಮಾತ್ರ ಕಾಣಿಸುತ್ತಿದ್ದವು. ನಡುಹಗಲಿನಲ್ಲಿ ಬಂದವರು ಬೋಳು ಬಂಡೆ ನೋಡಿ, ಬೈದುಕೊಂಡು ಹಿಂದಿರುಗುತ್ತಿದ್ದರು. ಒಂದು ಮಧ್ಯಾಹ್ನ ನೀಲಾ ನನ್ನನ್ನು ಹೊತ್ತು ತಂದಳು. ಛತ್ರಿಯಿಂದ ಒಂದು ಹೆಜ್ಜೆಗೆ ನೆರಳು ಮಾಡಿ, ನನ್ನ ಮೂಲಕ ಬಿಸಿಲನ್ನು ನೆಲಮಟ್ಟದಲ್ಲಿ ಹರಿಸಿದಳು. ಕಲ್ಲಿನೊಳಗಿಂದ ಮೂರು ಬೆರಳು ಎದ್ದು ಬಂದವು. ಅಂದಿನಿಂದ ಹೆಜ್ಜೆ ತೋರಿಸುವುದೇ ನನ್ನ ಕೆಲಸ, ಮುಖ ತೋರಿಸಲು ಬಿಡುವೇ ಇರಲಿಲ್ಲ.

ಅಷ್ಟರಲ್ಲಿ ಆ ಬಂಡೆಯ ಮೇಲೆ ಗಣಿಗಾರರ ಕಣ್ಣು ಬಿತ್ತು. ಹಳದಿ ಕಲ್ಲಿಗೆ ಊರೂರಿನಿಂದ ಬೇಡಿಕೆ. ಊರಿನ ಮುಖಂಡ ಹಾಥೀಸಿಂಗನೂ ಗಣಿಯ ಪರವೇ. ಅಲ್ಲಿನವರ ಭಾಷೆ ಬೇರೆ. ನಾನು ಗದಗಿನ ಕನ್ನಡಿ, ಅವರಾಡಿದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ.

"ಬಾಯಾರ, ಗಣಿ ಬಂದರ ನಮ್ಮ ಹುಡುಗರಿಗೆ ಕೆಲಸ ಬರತೈತಿ. ಹೆಜ್ಜಿ ಏನು ಕೊಡತೈತಿ?" ಎಂದು ಕೇಳಿದ ಹಾಥೀಸಿಂಗ.

"ಕಲ್ಲು ಒಮ್ಮೆ ಹೋತಂದರ ಹೋತು," ಎಂದಳು ನೀಲಾ. "ಹೆಜ್ಜಿ ಇದ್ದರ ನೋಡಾಕ ಮಂದಿ ಬರ್ತನ ಇರ್ತಾರ."

"ಬಂದವರಿಗೆ ಕಾಣೂದ ಇಲ್ಲಲ್ಲ."

ಸರಕಾರದ ಅಧಿಕಾರಿಗಳು ಬಂಡೆ ನೋಡಿ ತೀರ್ಮಾನ ಮಾಡುವುದೆಂದಾಯಿತು. ಬೆಳಿಗ್ಗೆ ಬರಬೇಕಾದವರು ಬಂದದ್ದು ಸೂರ್ಯ ನೆತ್ತಿಗೇರಿದ ಮೇಲೆ. ಊರಿಗೆ ಊರೇ ನೆರೆದಿತ್ತು. ನೀಲಾ ಛತ್ರಿ ಬಿಚ್ಚಿದಳು. ಬಿಸಿಗಾಳಿ ಅದನ್ನು ತಿರುವಿಹಾಕಿ ಕಡ್ಡಿ ಮುರಿಯಿತು. ಹಿರಿಯ ಅಧಿಕಾರಿ ಬೆವರು ಒರೆಸಿಕೊಂಡು, "ಇಷ್ಟು ದೂರ ಕರಿಸಿದ್ದು ಈ ಖಾಲಿ ಕಲ್ಲು ತೋರಿಸಾಕೇನು?" ಎಂದು ನಕ್ಕರು.

ನೀಲಾ ಮುರಿದ ಛತ್ರಿಯನ್ನು ಪಕ್ಕಕ್ಕೆಸೆದಳು. "ಯಾರರ ನೆರಳು ಮಾಡ್ರಿ," ಎಂದು ನೆರೆದವರನ್ನು ಕೇಳಿದಳು. ಎಲ್ಲರೂ ಹಾಥೀಸಿಂಗನ ಮುಖ ನೋಡಿದರು. ಅವನು ಮೀಸೆ ಸವರಿಕೊಂಡ. ಆಮೇಲೆ ತಲೆಯ ಮೇಲಿನ ಕೇಸರಿ ಪೇಟವನ್ನು ಬಿಚ್ಚತೊಡಗಿದ. ನಾಲ್ಕು ಜನರೆದುರು ಪೇಟ ತೆಗೆಯುವುದೆಂದರೆ ಆ ಸೀಮೆಯಲ್ಲಿ ಮಾನವನ್ನೇ ಕೆಳಗಿಟ್ಟಂತೆ.

"ಗಣಿ ಬೇಕು ಅನ್ನೋದು ನನ್ನ ಮಾತು," ಎಂದ ಅಧಿಕಾರಿಗೆ. "ಆದರ ನಮ್ಮ ಕಲ್ಲಿಗೆ ನೋಡದನ ಖಾಲಿ ಅನಬ್ಯಾಡ್ರಿ. ಮೊದಲ ಕಾಣಲಿ."

ಅಗಲವಾದ, ಉದ್ದನೆಯ ಬಟ್ಟೆ. ಹೆಂಗಸರು ಎರಡೂ ಅಂಚು ಹಿಡಿದು ಬಂಡೆಯುದ್ದಕ್ಕೂ ಚಪ್ಪರ ಮಾಡಿದರು. ನೀಲಾ ಮಂಡಿಯೂರಿ, ಬಟ್ಟೆಯ ಅಂಚಿನಾಚೆಯ ಬಿಸಿಲಿಗೆ ನನ್ನನ್ನು ಒಡ್ಡಿ ಓರೆ ಮಾಡಿದಳು. ಸೂರ್ಯನಷ್ಟನ್ನೂ ಕುಡಿದು ನಾನು ಕಲ್ಲಿನ ಮೈಮೇಲೆ ಹರಿಸಿದೆ. ಒಂದು ಹೆಜ್ಜೆ ಕಂಡಿತು. ಅದರ ಮುಂದೆ ಇನ್ನೊಂದು. ಎಡ, ಬಲ, ಎಡ. ಅಧಿಕಾರಿ ಬೂಟು ಕಳಚಿ, ಬರಿಗಾಲಲ್ಲಿ ಬಂಡೆಯ ಅಂಚಿಗೆ ಸರಿದರು.

ಬರಿದಲೆಯ ಹಾಥೀಸಿಂಗ ಬಗ್ಗಿ ನೋಡಿ ಮೆಲ್ಲಗೆ ಹೇಳಿದ: "ಇದು ಬರೇ ಗುರುತಲ್ಲ. ಯಾರೋ ನಡಕೊಂತ ಹೋಗ್ಯಾರ."

ಗಣಿಗೆ ಬೇರೆ ಗುಡ್ಡ ಸಿಕ್ಕಿತು, ಬಂಡೆ ಉಳಿಯಿತು. ಸೋತೆನೆಂದು ಹಾಥೀಸಿಂಗ ಒಪ್ಪಲೇ ಇಲ್ಲ. ಆದರೆ ಅವನ ಸೊಸೆ ಕಾಲುದಾರಿಯ ಬಾಯಲ್ಲಿ ಚಹಾ ಅಂಗಡಿ ಇಟ್ಟಳು, ಅವನೇ ದಿನವೂ ಅಲ್ಲಿ ಕುಳಿತು ಬಂದವರಿಗೆ ದಾರಿ ಹೇಳತೊಡಗಿದ.

ನನಗೀಗ ವಯಸ್ಸಾಗಿದೆ. ಮರಳುಗಾಳಿ ಮೈ ಉಜ್ಜಿದೆ, ಬೆನ್ನಿನ ಬೆಳ್ಳಿ ಉದುರಿದೆ. ಕೆಲಸಕ್ಕೆ ಹೊಸ ಕನ್ನಡಿ ಬಂದಿದೆ. ನಾನು ಬಂಡೆಯ ಪಕ್ಕದ ನೆರಳುಮಂಟಪದ ಕಂಬಕ್ಕೆ ತೂಗಿಕೊಂಡು ಬಂದವರನ್ನು ನೋಡುತ್ತೇನೆ.

ಮೊನ್ನೆ ಬಿಕಾನೇರಿನಿಂದ ಕಣ್ಣು ಕಾಣದ ಮುದುಕಿಯೊಬ್ಬಳು ಬಂದಳು. ನೀಲಾ ಹೊಸ ಕನ್ನಡಿ ಎತ್ತಿಕೊಂಡವಳು, ಏನು ಮಾಡಲಿ ಎಂದು ತಿಳಿಯದೆ ನಿಂತಳು.

"ನನಗ ಬೆಳಕಿನ ಹಂಗಿಲ್ಲ ತಂಗಿ, ಕೈ ಹಿಡದು ಕುಂದರಿಸು," ಎಂದಳು ಮುದುಕಿ. ಹೆಜ್ಜೆಯೊಳಗೆ ಅಂಗೈ ಇಟ್ಟು, ಒಂದೊಂದೇ ಬೆರಳಿನ ತುದಿಯವರೆಗೂ ಸವರಿದಳು. "ಭಾರೀ ಕಾಲು. ಆದರ ನೆಲಾ ನೋಯಿಸಿಲ್ಲ."

ನೀಲಾ ಕನ್ನಡಿ ಕೆಳಗಿಟ್ಟು ಅವಳ ಪಕ್ಕ ಕುಳಿತಳು. ಕಣ್ಣು ಮುಚ್ಚಿ, ತಾನೂ ಹೆಜ್ಜೆಯೊಳಗೆ ಕೈಯಿಟ್ಟಳು. ಕಣ್ಣು ಮುಚ್ಚಿದ ಅವಳ ಆ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕನ್ನಡಿಯ ಮುಂದೆ ಯಾರಾದರೂ ಕಣ್ಣು ಮುಚ್ಚುತ್ತಾರೆಯೆ?