ಮಿಂಡ್‌ವೆಲ್‌ಗಾಗಿ ಒಂದು ಪ್ರಾರ್ಥನೆ

ನನ್ನ ತಂಗಿ ಮಿಂಡ್‌ವೆಲ್ ತೀರಿಕೊಂಡ ಸುದ್ದಿ ಬಂದದ್ದು ನಾವು ಮುಸುಕಿನ ಜೋಳ ಬಿತ್ತುತ್ತಿದ್ದ ದಿನ. ಸುದ್ದಿ ತಂದವಳು ಅವಳ ಮಗಳು ವಾರಿ. ಕೆನಡಾದ ಮೂಲನಿವಾಸಿಗಳಾದ ಮೊಹಾಕರ ಊರಿನಿಂದ ತಮ್ಮವರ ಜೊತೆ ಹದಿನೆಂಟು ದಿನ ನಡೆದು ಬಂದಿದ್ದಳು.

ನಲವತ್ತೊಂದು ವರ್ಷದ ಹಿಂದೆ, ಹಿಮ ಬಿದ್ದ ಒಂದು ಮುಂಜಾನೆ, ಮೊಹಾಕರು ನಮ್ಮ ಇಂಗ್ಲಿಷ್ ವಲಸಿಗರ ಹಳ್ಳಿಯ ಮೇಲೆ ಬಿದ್ದು ನಮ್ಮಿಬ್ಬರನ್ನೂ ಸೆರೆಹಿಡಿದು ಒಯ್ದರು. ಎರಡು ವರ್ಷಕ್ಕೆ ನಮ್ಮವರು ನನ್ನನ್ನು ಬಿಡಿಸಿ ತಂದರು. ಹತ್ತು ವರ್ಷದ ಮಿಂಡ್‌ವೆಲ್‌ಗೆ, ಮಗಳನ್ನು ಕಳೆದುಕೊಂಡ ಒಬ್ಬ ಮೊಹಾಕ್ ತಾಯಿ ಆ ಸತ್ತ ಮಗಳ ಹೆಸರನ್ನೇ ಇಟ್ಟು ಮಡಿಲಿಗೆ ಹಾಕಿಕೊಂಡಿದ್ದಳು. ದೊಡ್ಡವಳಾದ ಮೇಲೆ ಕರೆದರೂ ತಂಗಿ ಬರಲಿಲ್ಲ. ಅಲ್ಲಿಯೇ ಮದುವೆಯಾದಳು, ಅವರ ಕ್ಯಾಥೊಲಿಕ್ ಮತವನ್ನೇ ಹಿಡಿದಳು. ನಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಮಾತ್ರ ಅವಳ ಹೆಸರು ತಪ್ಪಿದ ದಿನವಿಲ್ಲ.

ಇನ್ನು ಆ ಹೆಸರನ್ನು ಬಿಡಬೇಕಿತ್ತು. ಸತ್ತವರ ತೀರ್ಪು ಆಗಿಹೋಗಿರುತ್ತದೆ, ಅವರಿಗಾಗಿ ಬೇಡಬಾರದು ಎಂಬುದು ನಮ್ಮ ಪ್ರಾಟೆಸ್ಟೆಂಟ್ ಸಭೆಯ ನಂಬಿಕೆ. ಸಭೆಯ ಹಿರಿಯನಾಗಿ ಎಷ್ಟೋ ವಿಧವೆಯರಿಗೆ ನಾನೇ ಹಾಗೆ ಹೇಳಿದ್ದೆ.

ವಾರಿ ಒಲೆಯ ಬಳಿ ಕುಳಿತು, ತಾಯಿ ಕಲಿಸಿದ ನಮ್ಮ ಮಾತಿನಲ್ಲಿ ಹೇಳಿದಳು: "ಮಾವಾ, ಅವ್ವ ಕೇಳಿದ್ದು ಒಂದೇ. ನನ್ನ ಆತ್ಮಕ್ಕೆ ಶಾಂತಿ ಸಿಗ್ಲಿ ಅಂತ ಅಣ್ಣ ಒಂದ್ಸಲ ದೇವರನ್ನ ಕೇಳ್ಕೊಳ್ಲಿ ಅಂದ್ಲು."

"ನಮ್ಮಲ್ಲಿ ಅದಿಲ್ಲ, ಮಗಳೇ."

"ನೀನು ಹೀಗೇ ಅಂತೀಯ ಅಂತಾನೂ ಹೇಳಿದ್ಲು. 'ನಮ್ಮಣ್ಣ ಹೇಸರಗತ್ತೆ, ಮೊದ್ಲು ಅವನ ಗಂಟಲು ಬಿಡ್ಸು' ಅಂದ್ಲು."

ನನ್ನ ಹೆಂಡತಿ ಹೆಪ್ಜಿಬಾ ಅಳುತ್ತಲೇ ನಕ್ಕಳು. "ನಲವತ್ತು ವರ್ಷ ಕಾಣದಿದ್ರೂ ನಿಮ್ಮನ್ನ ಸರಿಯಾಗೇ ತಿಳ್ಕೊಂಡಿದ್ದಾಳೆ!"

ವಾರಿ ಎದ್ದು ಬಂದು ಮೆತ್ತನೆಯ ಜಿಂಕೆಯ ತೊಗಲಿನಿಂದ ನನ್ನ ಕಣ್ಣು ಒರೆಸಿದಳು. ಕಿವಿಗಳನ್ನು ಸವರಿದಳು. ಆಮೇಲೆ ಒಂದು ಬಟ್ಟಲು ನೀರು ಕುಡಿಸಿದಳು. ಸಾವಾದ ಮನೆಯಲ್ಲಿ ಅವರು ಹೀಗೆಯೇ ಮಾಡುತ್ತಾರೆ; ದುಃಖ ಗಂಟಲಲ್ಲಿ ಕಟ್ಟಿಕೊಂಡವನು ಮಾತಾಡಲಾರನೆಂದು ಅವರ ತಿಳಿವಳಿಕೆ. ಆ ನೀರು ಇಳಿಯುವವರೆಗೆ ನಾನು ಅಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಪ್ರಾರ್ಥನೆಯ ಹೊತ್ತಾಯಿತು. ನಾನು ಮೊಣಕಾಲೂರಿದೆ.

"ಪಾದ್ರಿಗಳಿಗೆ ಗೊತ್ತಾದ್ರೆ ಸಭೆಯಲ್ಲಿ ನಿಮ್ಮ ಮುಂದಿನ ಬೆಂಚು ಹೋಯ್ತು ಅಂದ್ಕೊಳ್ಳಿ," ಎಂದಳು ಹೆಪ್ಜಿಬಾ.

"ಹಿಂದಿನ ಬೆಂಚಲ್ಲಿ ಕೂತ್ರೂ ದೇವರಿಗೆ ಕೇಳ್ಸುತ್ತೆ ಕಣೇ."

ಅವಳೂ ಬಂದು ನನ್ನ ಪಕ್ಕದಲ್ಲಿ ಮೊಣಕಾಲೂರಿದಳು. ವಾರಿ ಶಿಲುಬೆಯ ಗುರುತು ಮಾಡಿಕೊಂಡಳು, ನಾನು ಬೇಡವೆನ್ನಲಿಲ್ಲ.

ತಂದೆಯೇ, ಇದು ತಪ್ಪಾದರೆ ತಪ್ಪು ನನ್ನದು, ಅವಳದಲ್ಲ. ಇಬ್ಬರು ತಾಯಂದಿರು ಅವಳನ್ನು ಸಾಕಿದರು. ಇಬ್ಬರೂ ನಿನ್ನ ಬಳಿ ಇದ್ದಾರೆಂದೇ ನಂಬಿದ್ದೇನೆ. ಅವರ ನಡುವೆ ಅವಳಿಗೊಂದು ಜಾಗ ಮಾಡಿಕೊಡು. ನನ್ನ ತಂಗಿಗೆ ಶಾಂತಿ ಕೊಡು. ಆಮೆನ್.